ನೀರಿನ ಕುದುರೆಯೋ, ಕುದುರೆಗಳ ನದಿಯೋ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಪ್ರಾಣಿಗಳ ಹೆಸರಿನ ಬಗ್ಗೆಯೇ ಪತ್ರಗಳು ಜಾಸ್ತಿ ಬಂದಿವೆ. ಅದರಲ್ಲೂ ಗ್ರೀಕಿನಿಂದ ಬಂದ ಜೋಡುಪದಗಳ ಬಗ್ಗೆ. ಬೇರೆ ಪ್ರಶ್ನೆಗಳು ಮುಂದಿನ ಸಂಚಿಕೆಗಿರಲಿ, ಇವತ್ತು ಇವನ್ನೇ ನೋಡೋಣ.

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುತ್ತೇನೆ. ಮಕ್ಕಳನ್ನು ಮೈಸೂರು ಮೃಗಾಲಯಕ್ಕೆ ಕರೆದುಕೊಂಡು ಹೋಗಿದ್ದಾಗ, ಹಿಪೊಪಾಟಮಸ್ ಎಂದರೆ ಗ್ರೀಕಿನಲ್ಲಿ ನೀರಿನ ಕುದುರೆ, ‘ಹಿಪ್ಪೊಸ್’ ಅಂದರೆ ಕುದುರೆ, ‘ಪೊಟಮೊಸ್’ ಅಂದರೆ ನದಿ ಎಂದು ಹೇಳಿದೆ. ಒಬ್ಬ ಹುಡುಗ, ‘ಮಿಸ್, ಕುದುರೆ ಮೊದಲು ಬಂದು ನದಿ ಆಮೇಲೆ ಬಂದರೆ ಅದು ಕುದುರೆಗಳ ನದಿ ಆಗಬೇಕಲ್ವಾ? ಸಮಾಸದಲ್ಲಿ ಕೊನೆಯ ಪದವೇ ಮುಖ್ಯ ಅಂತ ನೀವೇ ಹೇಳಿದ್ರಿ’ ಎಂದ. ಅವನಿಗೆ ಏನು ಹೇಳಲಿ?
— ಕನ್ನಡ ಶಿಕ್ಷಕಿ, ಕಡೂರು

ಉತ್ತರ: ಹುಡುಗ ಸರಿಯಾಗಿಯೇ ಕೇಳಿದ್ದಾನೆ ಮೇಡಂ. ಅವನ ಬೆನ್ನು ತಟ್ಟಿ. ಗ್ರೀಕ್ ಸಮಾಸವೂ ನಮ್ಮ ತತ್ಪುರುಷದ ದಾರಿಯಲ್ಲೇ ನಡೆಯುತ್ತದೆ. ಮೊದಲ ಪದ ವಿವರ ಕೊಡುತ್ತದೆ, ಕೊನೆಯ ಪದ ವಸ್ತು ಯಾವುದು ಎಂದು ಹೇಳುತ್ತದೆ. ಕುದುರೆ ಪಂದ್ಯದ ಬಯಲಿಗೆ ಅವರು ‘ಹಿಪ್ಪೊಡ್ರೊಮೊಸ್’ ಎನ್ನುತ್ತಿದ್ದರು. ಹಿಪ್ಪೊಸ್ ಕುದುರೆ, ಡ್ರೊಮೊಸ್ ಓಟ. ಆ ಲೆಕ್ಕದಲ್ಲಿ ‘ಹಿಪ್ಪೊಪೊಟಮೊಸ್’ ಎಂದರೆ ಕುದುರೆಗಳು ನೀರು ಕುಡಿಯಲು ಬರುವ ಯಾವುದೋ ಹೊಳೆ ಎಂದಾಗುತ್ತದೆ. ನೀರಿನ ಕುದುರೆ ಎನ್ನಲು ‘ಪೊಟಮಿಪ್ಪೊಸ್’ ಎಂಬಂಥ ರೂಪ ಬೇಕಿತ್ತು.

ಹಾಗಾದರೆ ಈ ತಿರುಗುಮುರುಗು ಎಲ್ಲಿಂದ ಬಂತು? ಹಳೆಯ ಗ್ರೀಕರು ಇದನ್ನು ಸಮಾಸ ಮಾಡಿಯೇ ಇರಲಿಲ್ಲ. ಗ್ರೀಕ್ ಚರಿತ್ರಕಾರ ಹೆರೊಡೊಟಸ್ ಕ್ರಿಸ್ತಪೂರ್ವ 5ನೇ ಶತಮಾನದಲ್ಲಿ ಈಜಿಪ್ಟಿನ ಬಗ್ಗೆ ಬರೆಯುವಾಗ ‘ಹಿಪ್ಪೊಸ್ ಪೊಟಮಿಯೊಸ್’ ಎಂದು ಎರಡು ಬಿಡಿ ಪದಗಳನ್ನೇ ಬಳಸಿದ್ದಾನೆ. ಪೊಟಮಿಯೊಸ್ ಅಂದರೆ ‘ನದಿಗೆ ಸೇರಿದ’ ಎಂಬ ವಿಶೇಷಣ. ಕನ್ನಡದಲ್ಲಿ ‘ಕರಿ ಕುದುರೆ’ ಅನ್ನುತ್ತೇವೆ, ‘ಕುದುರೆ ಕರಿ’ ಅನ್ನುವುದಿಲ್ಲ. ಗ್ರೀಕಿನಲ್ಲಿ ಆ ಕಟ್ಟು ಇಲ್ಲ, ವಿಶೇಷಣ ನಾಮಪದಕ್ಕಿಂತ ಮೊದಲೂ ಬರಬಹುದು, ಆಮೇಲೂ ಬರಬಹುದು. ಹಾಗೆ ಅಕ್ಕಪಕ್ಕ ನಿಂತ ಎರಡು ಪದಗಳು ಜನರ ಬಾಯಲ್ಲಿ ಓಡಾಡಿ, ನಂತರದ ಕಾಲದ ಗ್ರೀಕಿನಲ್ಲಿ ನಿಂತ ಕ್ರಮದಲ್ಲೇ ಅಂಟಿಕೊಂಡವು. ಅಲ್ಲಿಂದ ಲ್ಯಾಟಿನ್‌ಗೆ, ಲ್ಯಾಟಿನ್‌ನಿಂದ ಇಂಗ್ಲಿಷಿಗೆ. ಅಂದರೆ ನಿಮ್ಮ ಅರ್ಥ ಸರಿ, ಹುಡುಗನ ವ್ಯಾಕರಣವೂ ಸರಿ, ಪದ ಮಾತ್ರ ವ್ಯಾಕರಣ ಕೇಳದೆ ಬೆಳೆದಿದೆ.

ತರಗತಿಯಲ್ಲಿ ಇನ್ನೊಂದು ಮಾತು ಸೇರಿಸಿ. ಕೊನೆಯ ಪದವೇ ಯಾವಾಗಲೂ ಮುಖ್ಯ ಎಂದರೆ ಅಂಶಿ ಸಮಾಸಕ್ಕೆ ಅನ್ಯಾಯವಾಗುತ್ತದೆ. ಕೈಯ ಮುಂದು ಮುಂಗೈ, ತಲೆಯ ಹಿಂದು ಹಿಂದಲೆ, ಕಣ್ಣಿನ ಕಡೆ ಕಡೆಗಣ್ಣು. ಇಲ್ಲಿ ಮೊದಲ ಪದದ ಅರ್ಥವೇ ಮುಖ್ಯ. ಆದರೆ ಕುದುರೆ ನದಿಯ ಭಾಗವಲ್ಲ, ನದಿ ಕುದುರೆಯ ಭಾಗವಲ್ಲ. ಹಾಗಾಗಿ ಹಿಪೊಪಾಟಮಸ್ಸನ್ನು ಅಂಶಿಗೆ ಸೇರಿಸುವ ಹಾಗೂ ಇಲ್ಲ.

ಕುದುರೆಯೇ ಯಾಕೆ ಎಂಬ ಪ್ರಶ್ನೆ ಮುಂದೆ ಬಂದೇ ಬರುತ್ತದೆ. ಹೆರೊಡೊಟಸ್ ಹೇಳುವುದು ಹೀಗೆ: ನಾಲ್ಕು ಕಾಲು, ಎತ್ತಿನ ಹಾಗೆ ಸೀಳುಗೊರಸು, ಚಪ್ಪಟೆ ಮೂಗು, ಕುದುರೆಯ ಕೇಸರ, ಕುದುರೆಯ ಬಾಲ, ಕುದುರೆಯ ದನಿ, ಹೊರಗೆ ಕಾಣುವ ಕೋರೆಹಲ್ಲು, ದೊಡ್ಡ ಎತ್ತಿನಷ್ಟು ಗಾತ್ರ. ಚರ್ಮ ಎಷ್ಟು ದಪ್ಪ ಎಂದರೆ ಒಣಗಿಸಿ ಈಟಿಯ ಹಿಡಿ ಮಾಡುತ್ತಾರಂತೆ. ಚರ್ಮದ ಮಾತು ನಂಬಬಹುದು. ಕೇಸರದ ಮಾತು ಸುಳ್ಳು, ನೀರಾನೆಗೆ ಕೂದಲೇ ಇಲ್ಲದಂತಿರುತ್ತದೆ. ಸೀಳುಗೊರಸೂ ಅಲ್ಲ, ಪ್ರತಿ ಕಾಲಿಗೆ ನಾಲ್ಕು ಬೆರಳು. ಮೈಯೆಲ್ಲ ನೀರಲ್ಲಿ ಮುಳುಗಿಸಿ ಕಿವಿ, ಕಣ್ಣು, ಮೂಗಿನ ಹೊಳ್ಳೆ ಮಾತ್ರ ಮೇಲಿಟ್ಟುಕೊಂಡಾಗ ದೂರದಿಂದ ನೋಡಿದವರಿಗೆ ಈಜುವ ಕುದುರೆಯ ತಲೆ ನೆನಪಾದರೆ ಅದರಲ್ಲಿ ಆಶ್ಚರ್ಯವಿಲ್ಲ.

ಕಾಣದ ನಾಡಿಗೆ ಹೋದವರು ಕಂಡದ್ದಕ್ಕೆಲ್ಲ ಮನೆಯ ಹೆಸರನ್ನೇ ಇಡುತ್ತಾರೆ. ಗ್ರೀಕರು ನೈಲ್ ನದಿಯಲ್ಲಿ ಮೊಸಳೆ ಕಂಡು ಇಟ್ಟ ಹೆಸರು ‘ಕ್ರೊಕೊಡೈಲೊಸ್’. ತಮ್ಮ ಊರಿನ ಕಲ್ಲುಗೋಡೆಗಳ ಸಂದಿಯಲ್ಲಿದ್ದ ಓತಿಯ ಹೆಸರದು, ಹೋಲಿಕೆ ನೋಡಿ ಅದನ್ನೇ ಮೊಸಳೆಗೆ ಇಟ್ಟರು ಎಂದು ಹೆರೊಡೊಟಸ್ಸೇ ಬರೆದಿದ್ದಾನೆ. ಅದೂ ಜೋಡುಪದವೇ, ‘ಕ್ರೊಕೆ’ ಹರಳುಕಲ್ಲು, ‘ಡ್ರಿಲೊಸ್’ ಹುಳ ಎಂದು ನಿಘಂಟುಗಳು ಬಿಡಿಸುತ್ತವೆ. ಇಡೀ ಮನುಷ್ಯನನ್ನು ಎಳೆದುಕೊಂಡು ಹೋಗುವ ಪ್ರಾಣಿಗೆ ‘ಕಲ್ಲುಹುಳ’ ಎಂಬ ಹೆಸರು!

ನಮ್ಮಲ್ಲಿ ಹಿಪ್ಪೊಗೆ ಎರಡು ಹೆಸರಿವೆ. ನೀರಾನೆ ಎನ್ನುವುದು ಗಾತ್ರ ನೋಡಿ ಇಟ್ಟದ್ದು. ನೀರ್ಗುದುರೆ ಎನ್ನುವುದು ಗ್ರೀಕಿನ ಅರ್ಥ ಹಿಡಿದು ಇಟ್ಟದ್ದು, ಮತ್ತು ಕ್ರಮ ಸರಿಮಾಡಿ ಇಟ್ಟದ್ದು. ನೀರು ಮೊದಲು, ಕುದುರೆ ಕೊನೆಗೆ, ಮಧ್ಯೆ ‘ಕ’ ಹೋಗಿ ‘ಗ’ ಬಂದ ಆದೇಶ ಸಂಧಿ. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಇನ್ನು ವಿಜ್ಞಾನ ಕೇಳಿದರೆ ಅದು ಕುದುರೆಯ ನೆಂಟನೂ ಅಲ್ಲ, ಆನೆಯ ನೆಂಟನೂ ಅಲ್ಲ. ಬದುಕಿರುವ ಪ್ರಾಣಿಗಳಲ್ಲಿ ಅದರ ಅತಿ ಹತ್ತಿರದ ಬಂಧು ತಿಮಿಂಗಿಲ.

ಹಿಪ್ಪೊಸ್ ಎಂಬ ಪದ ನಮ್ಮ ‘ಅಶ್ವ’ದ ದಾಯಾದಿ. ಲ್ಯಾಟಿನ್‌ನ ‘ಎಕ್ವುಸ್’ ಕೂಡ ಅದೇ ಬೇರಿನದು. ಗ್ರೀಕರ ಹೆಸರುಗಳಲ್ಲಿ ಈ ಕುದುರೆ ಎಲ್ಲೆಲ್ಲೂ ಇದೆ. ಫಿಲಿಪ್ ಎಂದರೆ ಕುದುರೆಯನ್ನು ಪ್ರೀತಿಸುವವನು. ಪರಮಾಣುವಿನ ವಿಚಾರ ಮೊದಲು ಹೇಳಿದವನೆಂದು ಹೆಸರಾದ ಲ್ಯೂಕಿಪ್ಪಸ್ ಎಂದರೆ ಬಿಳಿ ಕುದುರೆಗಳನ್ನು ಉಳ್ಳವನು. ಸಂಸ್ಕೃತದಲ್ಲಿ ಹೇಳಿದರೆ ಅವನು ಶ್ವೇತಾಶ್ವ. ಅರ್ಜುನನಿಗೂ ಶ್ವೇತವಾಹನ ಎಂಬ ಹೆಸರಿದೆಯಲ್ಲ, ಅದೇ ಜಾತಿಯ ಹೆಸರು.

ಪೊಟಮೊಸ್ ಇರುವ ಇನ್ನೊಂದು ಹೆಸರು ಮೆಸೊಪೊಟಾಮಿಯ. ‘ಮೆಸೊಸ್’ ಅಂದರೆ ಮಧ್ಯ, ಎರಡೂ ಒಂದೇ ಮೂಲದ ಪದಗಳು. ನದಿಗಳ ನಡುವಿನ ನಾಡು. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ರಾಯಚೂರು ಸೀಮೆಗೆ ನಮ್ಮ ಹಿರಿಯರು ಇಟ್ಟಿದ್ದ ಹೆಸರು ಎಡೆದೊರೆನಾಡು. ಎಡೆ ಅಂದರೆ ನಡುವೆ, ತೊರೆ ಅಂದರೆ ಹೊಳೆ. ಗ್ರೀಕರನ್ನು ಕೇಳದೆಯೇ ಕನ್ನಡಿಗರು ತಮ್ಮದೊಂದು ಮೆಸೊಪೊಟಾಮಿಯ ಮಾಡಿಕೊಂಡಿದ್ದರು. ಇದನ್ನು ಆ ಹುಡುಗನಿಗೆ ಖಂಡಿತ ಹೇಳಿ.

ಪ್ರಶ್ನೆ: ರೈನೊಸೆರಸ್ ಎಂಬ ಪದದ ಅರ್ಥವೇನು? ನಾವು ಯಾಕೆ ಖಡ್ಗಮೃಗ ಎನ್ನುತ್ತೇವೆ?
— ಒಬ್ಬ ವಿದ್ಯಾರ್ಥಿ, ಹಾಸನ

ಉತ್ತರ: ‘ರಿನೊಸ್’ ಮೂಗಿನದು, ‘ಕೆರಸ್’ ಕೊಂಬು. ಆದರೆ ‘ಮೂಗಿನ ಕೊಂಬು’ ಎಂದು ಅಲ್ಲಿಗೇ ನಿಲ್ಲಿಸಬಾರದು. ಮೂಗಿನ ಮೇಲೆ ಕೊಂಬು ಉಳ್ಳದ್ದು ಎಂದು ಬಿಡಿಸಬೇಕು. ಮೂರು ಕಣ್ಣುಳ್ಳವನು ಮುಕ್ಕಣ್ಣ ಆದ ಹಾಗೆ ಇದು ಬಹುವ್ರೀಹಿ. ಎರಡು ಪದಗಳೂ ಸೇರಿ ಮೂರನೆಯದನ್ನು ತೋರಿಸುತ್ತವೆ. ನಮ್ಮ ಹೆಸರಿನಲ್ಲಿ ಆ ಕೊಂಬು ಕತ್ತಿಯಾಗಿದೆ, ಅಷ್ಟೇ ವ್ಯತ್ಯಾಸ. ಸಂಸ್ಕೃತದಲ್ಲಿ ‘ಖಡ್ಗ’ ಎಂದರೂ ಸಾಕು, ಕತ್ತಿಯೂ ಹೌದು, ಪ್ರಾಣಿಯೂ ಹೌದು.

ಕೆರಸ್ ಎಂಬುದು ನಮ್ಮ ‘ಶೃಂಗ’ಕ್ಕೆ ಸಂಬಂಧದ ಪದ. ಕೆರಾಟಿನ್ ಎಂಬ ಹೆಸರೂ ಅದರಿಂದಲೇ ಬಂತು. ಖಡ್ಗಮೃಗದ ಕೊಂಬಿನೊಳಗೆ ಮೂಳೆ ಇಲ್ಲ, ಪೂರ್ತಿ ಕೆರಾಟಿನ್, ನಮ್ಮ ಉಗುರಿನಲ್ಲಿರುವ ವಸ್ತುವೇ. ಔಷಧಿ ಎಂಬ ನಂಬಿಕೆಯಿಂದ ಅದಕ್ಕಾಗಿ ಪ್ರಾಣಿಯನ್ನೇ ಕೊಲ್ಲುತ್ತಾರೆ ಎನ್ನುವುದು ನೋವಿನ ಸಂಗತಿ. ನಮ್ಮ ಕಡೆಯ ಕಾಟಿಯ ಕೊಂಬು ಬೇರೆ ತರಹ, ಒಳಗೆ ಮೂಳೆ, ಮೇಲೆ ಕೆರಾಟಿನ್ ಕವಚ.

ಇದೇ ಕೆರಸ್ ನಮ್ಮ ರಾಜ್ಯದ ಕಾಡಿನ ಕೊಂಡುಕುರಿಯ ಶಾಸ್ತ್ರೀಯ ಹೆಸರಿನಲ್ಲೂ ಇದೆ: ‘ಟೆಟ್ರಾಸೆರಸ್ ಕ್ವಾಡ್ರಿಕಾರ್ನಿಸ್’. ಮೊದಲನೆಯದು ಗ್ರೀಕಿನಲ್ಲಿ ನಾಲ್ಕು ಕೊಂಬಿನದು, ಎರಡನೆಯದು ಲ್ಯಾಟಿನ್‌ನಲ್ಲಿ ನಾಲ್ಕು ಕೊಂಬಿನದು. ಒಂದೇ ಮಾತನ್ನು ಎರಡು ಭಾಷೆಯಲ್ಲಿ ಹೇಳಿದ್ದಾರೆ.

ಪ್ರಶ್ನೆ: ಜಿರಾಫೆಯ ವೈಜ್ಞಾನಿಕ ಹೆಸರಿನಲ್ಲಿ ಒಂಟೆ ಇದೆ ಎಂದು ಕೇಳಿದೆ. ನಿಜವೇ?
— ಓದುಗರು, ಹಳೇಬೀಡು

ಉತ್ತರ: ನಿಜ. ಒಂಟೆ ಮಾತ್ರ ಅಲ್ಲ, ಚಿರತೆಯೂ ಇದೆ. ‘ಜಿರಾಫಾ ಕ್ಯಾಮೆಲೊಪಾರ್ಡಾಲಿಸ್’. ಮೊದಲ ಪದ ಅರಬ್ಬಿಯ ‘ಜರಾಫಾ’ದಿಂದ ಬಂದದ್ದು. ಎರಡನೆಯದು ಗ್ರೀಕ್ ಜೋಡುಪದ, ‘ಕಮೆಲೊಸ್’ ಒಂಟೆ, ‘ಪಾರ್ಡಾಲಿಸ್’ ಚಿರತೆ. ಕತ್ತು ಮತ್ತು ಎತ್ತರ ಒಂಟೆಯದು, ಮೈಮೇಲಿನ ಮಚ್ಚೆ ಚಿರತೆಯದು. ಕ್ರಿಸ್ತಪೂರ್ವ 46ರಲ್ಲಿ ಜೂಲಿಯಸ್ ಸೀಸರ್ ರೋಮಿಗೆ ಒಂದು ಜಿರಾಫೆ ತರಿಸಿದ್ದ. ಆಗ ಅಲ್ಲಿನ ಜನ ಅದನ್ನು ಈ ಹೆಸರಿನಿಂದಲೇ ಗುರುತಿಸಿದರು. 1758ರಲ್ಲಿ ಲಿನೇಯಸ್ ಪ್ರಾಣಿಗಳಿಗೆ ಎರಡು ಪದದ ಹೆಸರು ಕೊಡುವಾಗ ಹಳೆಯ ಪದವನ್ನೇ ಉಳಿಸಿಕೊಂಡ, ಆದರೆ ಜಿರಾಫೆಯನ್ನು ಜಿಂಕೆಗಳ ಗುಂಪಿಗೆ ಹಾಕಿದ್ದ. ಅದನ್ನು ಆಮೇಲೆ ಬೇರೆ ಮಾಡಿದರು.

ಇಂಗ್ಲಿಷಿನ ‘ಲೆಪರ್ಡ್’ ಕೂಡ ಇಂಥದ್ದೇ. ‘ಲಿಯೊನ್’ ಸಿಂಹ, ‘ಪಾರ್ಡೊಸ್’ ಚಿರತೆ ಜಾತಿಯ ಪ್ರಾಣಿ. ಸಿಂಹಕ್ಕೂ ಪಾರ್ಡಿಗೂ ಹುಟ್ಟಿದ ಮಿಶ್ರತಳಿ ಇದು ಎಂದು ಹಿಂದಿನವರು ನಂಬಿದ್ದರು. ನಂಬಿಕೆ ಹೋಯಿತು, ಹೆಸರು ಉಳಿಯಿತು.

ನೀವು ಹಳೇಬೀಡಿನವರು, ನಿಮಗೆ ಇದನ್ನು ವಿವರಿಸುವುದು ಸುಲಭ. ಹೊಯ್ಸಳೇಶ್ವರ ದೇವಸ್ಥಾನದ ಹೊರಗೋಡೆಯಲ್ಲಿ ಕೆಳಗಿನಿಂದ ಆನೆ, ಸಿಂಹ, ಬಳ್ಳಿ, ಕುದುರೆ ಸವಾರರು, ಕಥೆಗಳ ಸಾಲು, ಅದರ ಮೇಲೆ ಮಕರಗಳ ಸಾಲಿದೆಯಲ್ಲ, ಆ ಮಕರವನ್ನು ಹತ್ತಿರದಿಂದ ನೋಡಿ. ಒಂದು ಪ್ರಾಣಿಯ ಸೊಂಡಿಲು, ಇನ್ನೊಂದರ ಬಾಯಿ, ಮತ್ತೊಂದರ ಬಾಲ. ನಮ್ಮ ಶಿಲ್ಪಿ ಕಲ್ಲಿನಲ್ಲಿ ಮಾಡಿದ ಜೋಡಣೆಯನ್ನು ಗ್ರೀಕರು ಪದದಲ್ಲಿ ಮಾಡಿದರು. ವ್ಯತ್ಯಾಸ ಇಷ್ಟೇ, ಶಿಲ್ಪಿ ಇಲ್ಲದ ಪ್ರಾಣಿಯನ್ನು ಕಟ್ಟಿದ, ಗ್ರೀಕರು ಇರುವ ಪ್ರಾಣಿಯನ್ನು ಇಲ್ಲದ್ದರಂತೆ ಕಟ್ಟಿದರು.

ಪ್ರಶ್ನೆ: ಗೋಸುಂಬೆಗೆ ಇಂಗ್ಲಿಷಿನಲ್ಲಿ ಇರುವ ಹೆಸರಿನ ಅರ್ಥ ‘ನೆಲದ ಸಿಂಹ’ ಎಂದು ಎಲ್ಲೋ ಓದಿದೆ. ಅದು ಇರುವುದು ಗಿಡದ ಮೇಲೆ, ಸಿಂಹದ ಗುಣವೂ ಇಲ್ಲ. ನಮ್ಮ ತೋಟದ ಬೇಲಿಯಲ್ಲಿ ಒಂದಿದೆ. ಅಕ್ಕಪಕ್ಕದವರು ವಿಷ ಅಂತ ಹೇಳಿ ಹೊಡೆಯಲು ಬರುತ್ತಾರೆ.
— ರೈತರು, ಅರಸೀಕೆರೆ

ಉತ್ತರ: ಮೊದಲು ಕೊನೆಯ ಮಾತಿಗೆ ಉತ್ತರ. ದಯವಿಟ್ಟು ಹೊಡೆಯಲು ಬಿಡಬೇಡಿ. ಗೋಸುಂಬೆಗೆ ವಿಷ ಇಲ್ಲ. ಅದು ಹಿಡಿದು ತಿನ್ನುವುದು ಹುಳಹುಪ್ಪಟೆಯನ್ನು, ಅಂದರೆ ನಿಮ್ಮ ತೋಟಕ್ಕೆ ಅದು ಕೆಲಸ ಮಾಡಿಕೊಡುತ್ತಿದೆ. 1972ರ ವನ್ಯಜೀವಿ ಕಾಯಿದೆಯ ರಕ್ಷಣೆಯೂ ಅದಕ್ಕಿದೆ. ಬಯಲುಸೀಮೆಯ ಬೇಲಿಗಳೇ ಅದರ ಮನೆ, ಬೇಲಿ ಕಡಿದು ತಂತಿ ಹಾಕಿದ ಕಡೆಯೆಲ್ಲ ಅದಕ್ಕೆ ಜಾಗ ಇಲ್ಲದಂತಾಗುತ್ತಿದೆ.

ಈಗ ಹೆಸರು. ‘ಖಮಾಯ್’ ಅಂದರೆ ನೆಲದ ಮೇಲೆ, ‘ಲಿಯೊನ್’ ಅಂದರೆ ಸಿಂಹ. ಸೇರಿಸಿದರೆ ಖಮಾಯ್‌ಲಿಯೊನ್, ಅದೇ ಮುಂದೆ ಚಮೀಲಿಯನ್ ಅಂತಾಗಿ ಇಂಗ್ಲಿಷಿನವರ ಬಾಯಲ್ಲಿ ಕಮೀಲಿಯನ್ ಆಯಿತು. ಇಲ್ಲಿ ಕ್ರಮ ಸರಿಯಾಗಿದೆ ನೋಡಿ, ಸಿಂಹ ಕೊನೆಗೆ ಬಂದಿದೆ. ಗ್ರೀಕರಿಗಿಂತ ಹಿಂದೆಯೇ ಮೆಸೊಪೊಟಾಮಿಯದ ಅಕ್ಕಾಡಿಯನ್ ಭಾಷೆಯಲ್ಲಿ ‘ನೆಲದ ಸಿಂಹ’ ಎಂಬ ಹೆಸರಿತ್ತು, ಗ್ರೀಕರು ಅದನ್ನೇ ತಮ್ಮ ಮಾತಿಗೆ ತಂದುಕೊಂಡರು ಎನ್ನುವ ವಿದ್ವಾಂಸರಿದ್ದಾರೆ. ತಲೆಯ ಮೇಲೆ ಎದ್ದ ಶಿಖೆ, ಬಾಯಿ ಅಗಲ ತೆರೆದು ಉಸ್ಸೆಂದು ಹೆದರಿಸುವ ರೀತಿ ನೋಡಿದರೆ ಸಿಂಹ ಎನ್ನಲು ಮನಸ್ಸಾಗುತ್ತದೆ. ‘ನೆಲದ’ ಎಂಬುದನ್ನು ಕಿರಿದು, ತಗ್ಗು ಎಂಬ ಅರ್ಥದಲ್ಲಿ ತೆಗೆದುಕೊಂಡರೆ ‘ಕುಳ್ಳ ಸಿಂಹ’ ಎಂದಾಗುತ್ತದೆ. ಗಿಡದ ಮೇಲಿದ್ದರೂ ತೊಂದರೆ ಇಲ್ಲ.

ಖಮಾಯ್ ಎಂಬ ಪದ ಭೂಮಿಗೆ ಸಂಸ್ಕೃತದಲ್ಲಿರುವ ‘ಕ್ಷಮಾ’ ಎಂಬ ಹೆಸರಿನ ಬಂಧು. ಈಗ ಅಂಗಡಿಯಲ್ಲಿ ಕ್ಯಾಮೊಮೈಲ್ ಟೀ ಅಂತ ಸಿಗುತ್ತದಲ್ಲ, ಅದರಲ್ಲೂ ಇದೇ ಖಮಾಯ್, ಜೊತೆಗೆ ‘ಮೆಲೊನ್’ ಅಂದರೆ ಸೇಬು. ಹೂವಿನ ವಾಸನೆ ಸೇಬಿನಂತೆ ಇರುವುದರಿಂದ ‘ನೆಲಸೇಬು’.

ಪ್ರಶ್ನೆ: ಅರೇಬಿಕಾ ಕಾಫಿ ಗಿಡಕ್ಕೆ ಬೋರರ್, ಅಂದರೆ ಕಾಂಡ ಕೊರೆಯುವ ಹುಳ, ಬಿದ್ದು ಸಾಕಾಗಿದೆ. ಆ ಹುಳದ ಹೆಸರು ‘ಜೈಲೊಟ್ರೆಕಸ್ ಕ್ವಾಡ್ರಿಪೆಸ್’ ಎಂದು ಕರಪತ್ರದಲ್ಲಿ ಓದಿದೆ. ಹಾಗೆಂದರೇನು?
— ಕಾಫಿ ಬೆಳೆಗಾರರು, ಮೂಡಿಗೆರೆ

ಉತ್ತರ: ‘ಕ್ಸೈಲೊನ್’ ಅಂದರೆ ಮರ, ಕಟ್ಟಿಗೆ. ಕ್ಸೈಲೊಫೋನ್ ಎಂಬ ವಾದ್ಯದ ಹೆಸರಿನಲ್ಲೂ ಅದೇ ಇದೆ, ಮರದ ನಾದ ಅಂತ. ‘ಟ್ರೆಖೊ’ ಅಂದರೆ ಓಡುತ್ತೇನೆ. ಎರಡೂ ಸೇರಿ ಮರದ ಮೇಲೆ ಓಡುವುದು. ಬಿಸಿಲಿದ್ದ ದಿನ ಕಾಂಡದ ಮೇಲೆ ಆ ದುಂಬಿ ಸರಸರ ಓಡಾಡುವುದನ್ನು ನೀವೇ ನೋಡಿರುತ್ತೀರಿ, ಹಾಗಾಗಿ ಹೆಸರು ಚೆನ್ನಾಗಿಯೇ ಹೊಂದುತ್ತದೆ. ‘ಕ್ವಾಡ್ರಿಪೆಸ್’ ಲ್ಯಾಟಿನ್ ಪದ, ನಾಲ್ಕು ಕಾಲಿನದು ಎಂದರ್ಥ. ಆದರೆ ಎಲ್ಲ ಕೀಟಗಳ ಹಾಗೆ ಇದಕ್ಕೂ ಆರು ಕಾಲು. ಶಾಸ್ತ್ರೀಯ ಹೆಸರು ಒಮ್ಮೆ ಅಚ್ಚಾಯಿತು ಎಂದರೆ ಅರ್ಥ ತಪ್ಪಿದೆ ಎಂಬ ಕಾರಣಕ್ಕೆ ಬದಲಾಯಿಸುವ ಹಾಗಿಲ್ಲ.

ನಮ್ಮ ‘ಬಿಳಿ ಕಾಂಡಕೊರಕ’ ಎಂಬ ಹೆಸರೇ ನನಗೆ ಹೆಚ್ಚು ಇಷ್ಟ. ಗ್ರೀಕ್ ಹೆಸರು ದೊಡ್ಡ ದುಂಬಿಯ ಓಟವನ್ನು ಹೇಳುತ್ತದೆ. ಕನ್ನಡದ ಹೆಸರು ಗಿಡದೊಳಗೆ ಕೂತು ಹಾಳು ಮಾಡುವ ಮರಿಹುಳದ ಕೆಲಸವನ್ನು ಹೇಳುತ್ತದೆ. ಬೆಳೆಗಾರನಿಗೆ ಬೇಕಾದ್ದು ಎರಡನೆಯದು ತಾನೇ? ದುಂಬಿ ಹಾರುವ ಕಾಲ ಏಪ್ರಿಲ್-ಮೇ, ಮತ್ತೆ ಅಕ್ಟೋಬರಿನಿಂದ ಡಿಸೆಂಬರ್. ಅದಕ್ಕೆ ಮೊದಲೇ ಬೋರರ್ ಬಿದ್ದ ಗಿಡ ಹುಡುಕಿ ಕಿತ್ತು ಸುಡುವುದು, ಕಾಂಡದ ಸಡಿಲ ತೊಗಟೆ ಉಜ್ಜಿ ತೆಗೆಯುವುದು, ನೆರಳು ಕಾಪಾಡಿಕೊಳ್ಳುವುದು, ಇವು ನಿಮಗೆ ಗೊತ್ತಿರುವ ಕೆಲಸಗಳೇ. ಮೊಟ್ಟೆ ಇಡುವುದು ತೊಗಟೆಯ ಬಿರುಕಿನಲ್ಲಿ, ಬಿಸಿಲು ಬೀಳುವ ಗಿಡವೇ ಅದಕ್ಕೆ ಪ್ರೀತಿ.

ಪ್ರಶ್ನೆ: ಪ್ಲಾಟಿಪಸ್‌ಗೆ ಸೈನ್ಸ್ ಪುಸ್ತಕದಲ್ಲಿ ‘ಆರ್ನಿತೊರಿಂಕಸ್’ ಎಂದಿದೆ. ಎರಡು ಹೆಸರು ಯಾಕೆ? ಎರಡನೆಯದರ ಅರ್ಥ ಬಿಡಿಸಿ ಹೇಳುತ್ತೀರಾ?
— ಪದವಿ ವಿದ್ಯಾರ್ಥಿನಿ, ಬೇಲೂರು

ಉತ್ತರ: ಬೇಲೂರಿನಿಂದ ಈ ಪ್ರಶ್ನೆ ಬಂದದ್ದು ನನಗೆ ತುಂಬ ಸಂತೋಷ. ಯಾಕೆ ಎಂದು ಕೊನೆಗೆ ಗೊತ್ತಾಗುತ್ತದೆ.

ಆಸ್ಟ್ರೇಲಿಯಾದಿಂದ ಈ ಪ್ರಾಣಿಯ ಒಣಗಿದ ಚರ್ಮ ಇಂಗ್ಲೆಂಡಿಗೆ ಬಂದಾಗ ನೋಡಿದವರಿಗೆ ನಂಬಿಕೆ ಬರಲಿಲ್ಲ. ಬಾತುಕೋಳಿಯ ಕೊಕ್ಕನ್ನು ಯಾವುದೋ ಪ್ರಾಣಿಗೆ ಹೊಲಿದಿದ್ದಾರೆ ಎಂಬ ಅನುಮಾನ. 1799ರಲ್ಲಿ ಜಾರ್ಜ್ ಶಾ ಅದನ್ನು ವಿವರಿಸಿ ‘ಪ್ಲಾಟಿಪಸ್ ಅನಾಟಿನಸ್’ ಎಂದು ಹೆಸರಿಟ್ಟ. ‘ಪ್ಲಾಟಿಸ್’ ಅಗಲ, ‘ಪೌಸ್’ ಕಾಲು. ಎರಡಕ್ಕೂ ನಮ್ಮಲ್ಲಿ ಬಂಧುಗಳಿದ್ದಾರೆ, ಪೃಥು ಮತ್ತು ಪಾದ. ಅಗಲವಾದದ್ದು ಪೃಥ್ವಿ, ಅಗಲ ಪಾದದ್ದು ಪ್ಲಾಟಿಪಸ್. ಆದರೆ ಆ ಹೆಸರನ್ನು ಅಷ್ಟರಲ್ಲೇ ಮರ ಕೊರೆಯುವ ಒಂದು ಜಾತಿಯ ದುಂಬಿಗೆ ಕೊಟ್ಟಾಗಿತ್ತು. ಪ್ರಾಣಿಶಾಸ್ತ್ರದಲ್ಲಿ ಎರಡು ಕುಲಗಳಿಗೆ ಒಂದೇ ಹೆಸರು ಇರಬಾರದು. 1800ರಲ್ಲಿ ಜರ್ಮನಿಯ ಬ್ಲೂಮೆನ್‌ಬಾಖ್ ಸ್ವತಂತ್ರವಾಗಿ ‘ಆರ್ನಿತೊರಿಂಕಸ್’ ಎಂದು ಕರೆದಿದ್ದ, ಕುಲದ ಹೆಸರಾಗಿ ಅದೇ ನಿಂತಿತು. ಮೊದಲ ಹೆಸರು ಜನರ ಬಾಯಲ್ಲಿ ಉಳಿಯಿತು.

‘ಆರ್ನಿತೊಸ್’ ಹಕ್ಕಿಯ, ‘ರಿಂಖೊಸ್’ ಮೂತಿ ಅಥವಾ ಕೊಕ್ಕು. ಹಕ್ಕಿಯ ಕೊಕ್ಕು ಉಳ್ಳದ್ದು. ಇದೂ ಬಹುವ್ರೀಹಿ.

ರಿಂಖೊಸ್ ಎಂಬ ಪದ ನಿಮ್ಮ ಕಡೆಗೆ ಹೊಸದಲ್ಲ. ಮಲೆನಾಡಿನ ಮರಗಳ ಮೇಲೆ ಮಳೆ ಹಿಡಿಯುವ ಹೊತ್ತಿಗೆ ಉದ್ದ ಗೊನೆಯಾಗಿ ಜೋತಾಡುವ ಸೀತಾಳೆ ದಂಡೆ ಇದೆಯಲ್ಲ, ಅದರ ಕುಲದ ಹೆಸರು ‘ರಿಂಕೊಸ್ಟೈಲಿಸ್’. ಕೊಕ್ಕಿನಂಥ ಕಂಬ ಎಂದರ್ಥ, ಹೂವಿನ ನಡುವಿನ ಪುಟ್ಟ ಕಂಬದ ಆಕಾರ ನೋಡಿ ಇಟ್ಟದ್ದು.

ಇದೇ ರಿಂಖೊಸ್ ಇನ್ನೊಂದು ಪ್ರಾಣಿಯ ಹೆಸರಿನಲ್ಲಿದೆ, ಮತ್ತು ಆ ಹೆಸರು ನಮ್ಮ ಕನ್ನಡದ ಚರಿತ್ರೆಯ ಒಳಗೇ ಬಂದುಬಿಟ್ಟಿದೆ. ‘ಆಕ್ಸಿರಿಂಖೊಸ್’. ‘ಆಕ್ಸಿಸ್’ ಅಂದರೆ ಚೂಪು, ಹುಳಿ ಎಂಬ ಅರ್ಥವೂ ಇದೆ. ಆಕ್ಸಿಜನ್ ಎಂಬುದು ಅದೇ ಹುಳಿಯಿಂದ ಬಂದದ್ದು, ಕನ್ನಡದಲ್ಲಿ ಆಮ್ಲಜನಕ ಎಂದು ಸರಿಯಾಗಿಯೇ ತಂದಿದ್ದಾರೆ. ಆಕ್ಸಿರಿಂಖೊಸ್ ಎಂದರೆ ಚೂಪುಮೂತಿಯದು. ನೈಲ್ ನದಿಯ ಒಂದು ಮೀನು ಅದು. ಈಜಿಪ್ಟಿನ ಒಂದು ಪಟ್ಟಣದ ಜನ ಅದನ್ನು ದೇವರೆಂದು ಪೂಜಿಸುತ್ತಿದ್ದರು, ಹಾಗಾಗಿ ಗ್ರೀಕರು ಆ ಪಟ್ಟಣವನ್ನೇ ಮೀನಿನ ಹೆಸರಿನಿಂದ ಕರೆದರು. ಪಕ್ಕದ ಪಟ್ಟಣ ‘ಕಿನೊಪೊಲಿಸ್’, ನಾಯಿಗಳ ಊರು, ಅಲ್ಲಿ ನಾಯಿ ದೇವರು. ಆ ಊರಿನವರು ಈ ಮೀನು ತಿಂದರೆಂದು ಈ ಊರಿನವರು ನಾಯಿ ಹಿಡಿದು ತಿಂದು, ಎರಡೂ ಊರಿಗೆ ಯುದ್ಧವೇ ಆಯಿತು ಎಂದು ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದಿದ್ದಾನೆ.

ಆಕ್ಸಿರಿಂಖೊಸ್‌ನ ಹಳೆಯ ಕಸದ ದಿಬ್ಬಗಳನ್ನು ಆಕ್ಸ್‌ಫರ್ಡಿನ ಗ್ರೆನ್‌ಫೆಲ್ ಮತ್ತು ಹಂಟ್ 1896ರ ಚಳಿಗಾಲದಲ್ಲಿ ಅಗೆಯಲು ಶುರುಮಾಡಿದರು. ಮಳೆಯೇ ಇಲ್ಲದ ಮರಳು, ಹಾಗಾಗಿ ಜನ ಬಿಸಾಡಿದ ಪಪೈರಸ್ ಹಾಳೆಗಳು ರಾಶಿ ರಾಶಿ ಉಳಿದಿದ್ದವು. ಲೆಕ್ಕಪತ್ರ, ಕಾಗದ, ಕವಿತೆ, ಎಲ್ಲವೂ. ಅದರಲ್ಲಿ 413ನೇ ನಂಬರಿನದು 2ನೇ ಶತಮಾನದ ಒಂದು ಹಾಸ್ಯ ಪ್ರಹಸನ. ಖಾರಿಟಿಯೊನ್ ಎಂಬ ಗ್ರೀಕ್ ಹುಡುಗಿ ಭಾರತದ ಕರಾವಳಿಯ ಒಬ್ಬ ರಾಜನ ಕೈಯಲ್ಲಿ ಸಿಕ್ಕಿರುತ್ತಾಳೆ, ಅವಳ ಅಣ್ಣ ಹಡಗಿನಲ್ಲಿ ಬಂದು, ರಾಜನಿಗೂ ಅವನ ಕಡೆಯವರಿಗೂ ಮದ್ಯ ಕುಡಿಸಿ ಅಮಲೇರಿಸಿ, ತಂಗಿಯನ್ನು ಬಿಡಿಸಿಕೊಂಡು ಹೋಗುತ್ತಾನೆ. ರಾಜನ ಕಡೆಯವರು ಆಡುವ ಮಾತು ಗ್ರೀಕಲ್ಲ, ಆದರೆ ಗ್ರೀಕ್ ಅಕ್ಷರದಲ್ಲಿ ಬರೆದಿದೆ. 1904ರಲ್ಲಿ ಶಾಸನತಜ್ಞ ಹುಲ್ಟ್ಶ್ ಆ ಮಾತು ಕನ್ನಡ ಇರಬಹುದು ಎಂದರು. ‘ಬೇರೆ ಕೊಂಚ ಮಧು ಪಾತ್ರಕ್ಕೆ ಹಾಕಿ’ ಎಂಬುದು ಅವರು ಓದಿದ ಒಂದು ಸಾಲು. ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ನಮ್ಮ ಆರ್. ಶಾಮಶಾಸ್ತ್ರಿಗಳು ಈ ದಾರಿಯಲ್ಲಿ ಮುಂದೆ ಹೋದರು, ಮಂಜೇಶ್ವರದ ಗೋವಿಂದ ಪೈಗಳೂ ಬರೆದರು. ಎಲ್ಲರೂ ಒಪ್ಪಿಲ್ಲ. ಅದು ತುಳು ಎಂದವರಿದ್ದಾರೆ. ನೋಡುವವರನ್ನು ನಗಿಸಲು ಸುಮ್ನೆ ಜೋಡಿಸಿದ ಅರ್ಥವಿಲ್ಲದ ಸದ್ದು ಎಂದವರೂ ಇದ್ದಾರೆ. ಕನ್ನಡ ಎಂಬ ವಾದಕ್ಕೆ ಮನಸ್ಸು ವಾಲುತ್ತದೆ ನಿಜ, ಆದರೆ ಇಷ್ಟಪಟ್ಟ ಮಾತ್ರಕ್ಕೆ ಸಾಕ್ಷಿ ಗಟ್ಟಿಯಾಗುವುದಿಲ್ಲ. ಗ್ರೀಕ್ ಅಕ್ಷರದಲ್ಲಿ ನಮ್ಮ ಎಷ್ಟೋ ಸ್ವರ, ವ್ಯಂಜನಗಳನ್ನು ಬರೆಯಲು ಬರುವುದಿಲ್ಲ, ಹಾಗಾಗಿ ಒಂದೇ ಸಾಲನ್ನು ಹಲವು ತರಹ ಓದಬಹುದು. ನಾನು ಇದನ್ನು ‘ಇರಬಹುದು’ ಎಂಬಲ್ಲಿಗೇ ಬಿಡುತ್ತೇನೆ.

ಅನುಮಾನವೇ ಇಲ್ಲದ, ಕಲ್ಲಿನಲ್ಲಿ ಕೊರೆದ ಹಳೆಯ ಕನ್ನಡ ಬೇಕೆಂದರೆ ನೀವು ಈಜಿಪ್ಟಿಗೆ ಹೋಗಬೇಕಿಲ್ಲ. ನಿಮ್ಮ ಬೇಲೂರು ತಾಲ್ಲೂಕಿನ ಹಲ್ಮಿಡಿಯೇ ಸಾಕು. ಸುಮಾರು ಕ್ರಿ.ಶ. 450ರ ಆ ಶಾಸನವನ್ನು 1936ರಲ್ಲಿ ಎಂ.ಎಚ್. ಕೃಷ್ಣ ಅವರು ಲೋಕಕ್ಕೆ ತಿಳಿಸಿದರು. ಮೂಲ ಕಲ್ಲು ಮೈಸೂರಿಗೆ ಹೋಗಿದೆ, ಊರಿನಲ್ಲಿ ಅದರ ಪ್ರತಿಕೃತಿ ಇದೆ. ಹೋಗಿಲ್ಲದಿದ್ದರೆ ಒಮ್ಮೆ ಹೋಗಿ ಬನ್ನಿ. ಪಪೈರಸ್ಸಿನ ಮಾತು ಕನ್ನಡವೇ ಎಂದು ನಾಳೆ ಗಟ್ಟಿಯಾದರೆ, ಅದು ಹಲ್ಮಿಡಿಗಿಂತ ಸುಮಾರು ಮುನ್ನೂರು ವರ್ಷ ಹಿಂದಿನದಾಗುತ್ತದೆ. ಆಗಲೂ ಕನ್ನಡಿಗರೇ ಬರೆದುಕೊಂಡ ಕನ್ನಡ ಎಂಬ ಹಲ್ಮಿಡಿಯ ಬೆಲೆ ಕಮ್ಮಿಯಾಗುವುದಿಲ್ಲ.

ಪ್ರಶ್ನೆ: ಒಂದು ಆಕ್ಟೊಪಸ್, ಎರಡು ಆಕ್ಟೊಪೈ. ಇದು ಸರಿಯೇ?
— ಓದುಗರು, ಚಿಕ್ಕಮಗಳೂರು

ಉತ್ತರ: ಸರಿಯಲ್ಲ. ‘ಅಸ್’ ಹೋಗಿ ‘ಐ’ ಬರುವುದು ಲ್ಯಾಟಿನ್‌ನ ಕೆಲವು ಪದಗಳಿಗೆ. ಆಕ್ಟೊಪಸ್ ಗ್ರೀಕ್ ಪದ, ‘ಒಕ್ಟೊ’ ಎಂಟು, ‘ಪೌಸ್’ ಕಾಲು. ಗ್ರೀಕ್ ಪ್ರಕಾರ ಬಹುವಚನ ‘ಒಕ್ಟೊಪೊಡೆಸ್’. ಇಂಗ್ಲಿಷಿನಲ್ಲಿ ಆಕ್ಟೊಪಸಸ್ ಎಂದರೆ ಯಾರೂ ತಪ್ಪು ಹಿಡಿಯುವುದಿಲ್ಲ, ಕನ್ನಡದಲ್ಲಿ ಆಕ್ಟೊಪಸ್‌ಗಳು ಎಂದರೆ ಆಯಿತು. ಅಷ್ಟಪದಿ ಎಂದು ಬರೆಯುವವರೂ ಇದ್ದಾರೆ. ಅದಂತೂ ಗ್ರೀಕ್ ಪದದ ಎರಡೂ ತುಂಡುಗಳ ಸಂಸ್ಕೃತ ಬಂಧುಗಳನ್ನೇ ಸೇರಿಸಿ ಮಾಡಿದ ಹಾಗಿದೆ. ಹಳೆಯ ಗ್ರೀಕರು ಮಾತ್ರ ಈ ಪ್ರಾಣಿಗೆ ‘ಪಾಲಿಪೌಸ್’ ಎನ್ನುತ್ತಿದ್ದರು, ಬಹಳ ಕಾಲಿನದು. ಮೂಗಿನೊಳಗೆ ಬೆಳೆಯುವ ಗಂಟಿಗೆ ಡಾಕ್ಟರು ‘ಪಾಲಿಪ್’ ಎನ್ನುತ್ತಾರಲ್ಲ, ಆ ಹೆಸರು ಬಂದದ್ದು ಇದರಿಂದಲೇ.